ನುಣುಪು ಕೆನ್ನೆ, ಚೂಪು ಕಣ್ಣು: ಮೈಸೂರಿನ ಭಾವಚಿತ್ರಗಳ ಹಿಂದಿನ ಪೆನ್ಸಿಲ್

ಮೈಸೂರಿನ ಹಳೆಯ ಮನೆಗಳ ಪಡಸಾಲೆಗೆ ಕಾಲಿಟ್ಟವರು ಇದನ್ನು ಕಂಡೇ ಇರುತ್ತಾರೆ. ಅಗ್ರಹಾರದ ಮನೆಯಾಗಿರಲಿ, ಮಂಡಿ ಮೊಹಲ್ಲಾದ ಮನೆಯಾಗಿರಲಿ, ಮರದ ಚೌಕಟ್ಟಿನ ಒಂದು ಕಪ್ಪು-ಬಿಳುಪು ಪಟ ಗೋಡೆಯಲ್ಲಿ ತೂಗುತ್ತಿರುತ್ತದೆ. ಕೋಟು ಪೇಟ ತೊಟ್ಟ ಅಜ್ಜ, ಕುರ್ಚಿಯ ತೋಳಿನ ಮೇಲೆ ಕೈಯಿಟ್ಟು ಕುಳಿತ ಅಜ್ಜಿ. ಹತ್ತಿರ ಹೋಗಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ರೆಪ್ಪೆಯ ಕೂದಲನ್ನು ಎಣಿಸಬಹುದು, ಕಣ್ಣಾಲಿಯಲ್ಲಿ ಕಿಟಕಿಯ ಬೆಳಕು ಚುಕ್ಕಿಯಾಗಿ ನಿಂತಿದೆ, ಸೆರಗಿನ ಜರಿಯ ಎಳೆ ಎಳೆಯೂ ಕಾಣುತ್ತದೆ. ಆದರೆ ಕೆನ್ನೆ, ಹಣೆ ಮಾತ್ರ ಬೆಣ್ಣೆ ಸವರಿದಂತೆ ನುಣುಪು. ಮಚ್ಚೆಯಿಲ್ಲ, ಸುಕ್ಕಿಲ್ಲ, ಮೊಡವೆಯ ಗುರುತಿಲ್ಲ.

ಇದು ಹೇಗೆ ಸಾಧ್ಯ? ಕ್ಯಾಮೆರಾ ಚೂಪಾಗಿದ್ದರೆ ಚರ್ಮದ ರಂಧ್ರಗಳೂ ಕಾಣಬೇಕಿತ್ತು. ಮಸುಕಾಗಿದ್ದರೆ ರೆಪ್ಪೆಯೂ ಮಸುಕಾಗಬೇಕಿತ್ತು. ಈ ಎರಡನ್ನೂ ಒಂದೇ ಮುಖದ ಮೇಲೆ ತಂದು ನಿಲ್ಲಿಸಿದವರ ಕಥೆಯನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ. ಇಂದು ಮೊಬೈಲ್ ಫೋನಿನ ಒಂದು ಗುಂಡಿ ಒತ್ತಿದರೆ ಮುಖ ನುಣುಪಾಗುತ್ತದೆ. ಹಾಗಾಗಿ ಇದು ಹೊಸ ಕಾಲದ ಖಯಾಲಿ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಇದರ ವಯಸ್ಸು ಛಾಯಾಗ್ರಹಣಕ್ಕಿಂತಲೂ ಹೆಚ್ಚು.

ಮೈಸೂರಿನ ಸಾಂಪ್ರದಾಯಿಕ ಚಿತ್ರಕಲೆಯನ್ನೇ ನೋಡಿ. ಹುಣಸೆಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಲ್ಲಿ ಮೊದಲ ರೇಖೆ ಎಳೆಯುತ್ತಿದ್ದರು. ಬಣ್ಣಕ್ಕೆ ಅಳಿಲಿನ ಕೂದಲಿನ ಕುಂಚ. ಕಣ್ಣಿನ ಅಂಚು, ಹುಬ್ಬು, ಒಡವೆಯ ಕುಸುರಿಯಂಥ ಅತಿ ಸಣ್ಣ ಗೆರೆಗಳಿಗೆ ಮೊನಚಾದ ಹುಲ್ಲಿನ ಎಸಳು. ಅಂದರೆ ನುಣುಪಿಗೆ ಒಂದು ಸಾಧನ, ಚೂಪಿಗೆ ಇನ್ನೊಂದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಶ್ರೀತತ್ತ್ವನಿಧಿಯ ಚಿತ್ರಗಳನ್ನು ಬರೆದ ಕೈಗಳಿಗೆ ಈ ವಿದ್ಯೆ ತಿಳಿದಿತ್ತು. ಮುಂದೆ ಸ್ಟುಡಿಯೊಗಳಲ್ಲಿ ನಡೆದದ್ದೂ ಇದೇ, ಹುಲ್ಲಿನ ಬದಲು ಪೆನ್ಸಿಲ್ ಬಂತು.

ಅದೇ ಮುಮ್ಮಡಿಯವರ ಬಾಲ್ಯಕಾಲದ ಒಂದು ತೈಲಚಿತ್ರ ನಮ್ಮ ಈ ಕಥೆಗೆ ಬಹಳ ಮುಖ್ಯ. ಐರ್ಲೆಂಡ್ ಮೂಲದ ಚಿತ್ರಕಾರ ಥಾಮಸ್ ಹಿಕ್ಕಿ, ಶ್ರೀರಂಗಪಟ್ಟಣದ ಪತನದ ನಂತರ ದಕ್ಷಿಣ ಭಾರತದಲ್ಲಿದ್ದು ಟಿಪ್ಪು ಸುಲ್ತಾನರ ಮಕ್ಕಳ ಭಾವಚಿತ್ರಗಳನ್ನು ಬರೆದವನು. 1805ರ ಸುಮಾರಿಗೆ ಅವನು ಮೂವರು ಮಹಿಳೆಯರ ಚಿತ್ರವೊಂದನ್ನು ಬರೆದ. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ಎಣಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರು ಇದು ಮೈಸೂರು ರಾಣಿವಾಸದ ಚಿತ್ರವೆಂದು ವಾದಿಸಿದರು. ಬಲಗಡೆಯ ತರುಣಿ ಬಾಲರಾಜನ ಕೈಹಿಡಿದ ದೇವಾಜಮ್ಮಣ್ಣಿ. ಅವಳು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು. ಎಡಗಡೆಯ ಮಹಿಳೆಯ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ತುಸು ಬೇರೆಯಾಗಿದೆ. ಲಸಿಕೆಗಿಂತ ಹಿಂದಿನ ಕ್ರಮದಲ್ಲಿ ಸಿಡುಬಿನ ಕೀವನ್ನೇ ಅಲ್ಪಪ್ರಮಾಣದಲ್ಲಿ ಕೊಟ್ಟು ರೋಗ ತಡೆಯುತ್ತಿದ್ದರಲ್ಲ, ಅದರ ಗುರುತು ಇದಾಗಿರಬಹುದು ಎಂಬುದು ಅವರ ಅಭಿಪ್ರಾಯ. ಜೆನ್ನರನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಮೂರೇ ವರ್ಷದಲ್ಲಿ ಮೈಸೂರಿನ ಅರಮನೆಯ ಹೆಣ್ಣುಮಕ್ಕಳು ತಮ್ಮ ಚರ್ಮದ ಮೇಲೆ ಅದಕ್ಕೆ ಸಾಕ್ಷಿ ಹೇಳುತ್ತಿದ್ದರು.

ಹಿಕ್ಕಿ ಆ ಕಲೆಗಳನ್ನು ನುಣುಪುಗೊಳಿಸಿದ್ದರೆ? ಅವನಿಗದು ಕಷ್ಟವೇನೂ ಆಗಿರಲಿಲ್ಲ. ಆಗ ಆ ಚಿತ್ರ ಇಂದಿಗೂ ಯಾರೋ ನರ್ತಕಿಯರ ಚಿತ್ರವಾಗಿಯೇ ಉಳಿದಿರುತ್ತಿತ್ತು.

ಟಿಪ್ಪು ಸುಲ್ತಾನರ ಮಾತು ಬಂದಿದ್ದರಿಂದ ಒಂದು ಸಂಗತಿ. ಅವರ ‘ನಿಜವಾದ ಫೋಟೋ’ ಎಂದು ಒಂದು ಚಿತ್ರ ಆಗಾಗ ಮೊಬೈಲ್‌ನಿಂದ ಮೊಬೈಲ್‌ಗೆ ಹಾರಾಡುತ್ತದೆ. ಅದು ಜಂಜಿಬಾರಿನ ದಂತ ಮತ್ತು ಗುಲಾಮರ ವ್ಯಾಪಾರಿ, ಟಿಪ್ಪು ಟಿಪ್ ಎಂಬ ಅಡ್ಡಹೆಸರಿನವನದು. ಅವನು ತೀರಿಕೊಂಡದ್ದು 1905ರಲ್ಲಿ. ಸುಲ್ತಾನರು ಹುತಾತ್ಮರಾದದ್ದು 1799ರಲ್ಲಿ, ಛಾಯಾಗ್ರಹಣ ಪ್ರಕಟವಾದದ್ದು 1839ರಲ್ಲಿ. ನಡುವೆ ನಲವತ್ತು ವರ್ಷ. ಈ ಲೆಕ್ಕ ಹಾಕದೆ ಹೊಗಳುವವರೂ ತೆಗಳುವವರೂ ಆ ಪಟವನ್ನು ಹಂಚುತ್ತಲೇ ಇದ್ದಾರೆ.

ಇನ್ನು ಬೆಳಕಿನ ವಿಷಯಕ್ಕೆ ಬರೋಣ. ಚಿತ್ರದ ಸ್ಪಷ್ಟತೆಗೂ ಬೆಳಕು ನುಗ್ಗುವ ರಂಧ್ರದ ಗಾತ್ರಕ್ಕೂ ಇರುವ ನಂಟನ್ನು ಪ್ರಯೋಗ ಮಾಡಿ ವಿವರಿಸಿದವರಲ್ಲಿ ಬಸರಾದಲ್ಲಿ ಹುಟ್ಟಿ ಕೈರೋದಲ್ಲಿ ದುಡಿದ ಇಬ್ನುಲ್ ಹೈಸಮ್ ಪ್ರಮುಖರು. ಸುಮಾರು ಸಾವಿರ ವರ್ಷಗಳ ಹಿಂದೆ ಅವರು ಸೂರ್ಯಗ್ರಹಣದ ಬಿಂಬವನ್ನು ಕಿಂಡಿಯ ಮೂಲಕ ಗೋಡೆಯ ಮೇಲೆ ಬೀಳಿಸಿ ನೋಡಿದರು. ಕಿಂಡಿ ಚಿಕ್ಕದಿದ್ದಾಗ ಬಿಂಬ ಕುಡುಗೋಲಿನಂತೆ ಕಾಣುತ್ತದೆ, ದೊಡ್ಡದಾದಂತೆ ಗುಂಡಗಾಗಿ ಮಸುಕಾಗುತ್ತದೆ ಎಂದು ಕಂಡುಕೊಂಡರು. ಚಿಕ್ಕ ಕಿಂಡಿ ಎಂದರೆ ಸ್ಪಷ್ಟತೆ, ಆದರೆ ಬೆಳಕು ಕಡಿಮೆ. ದೊಡ್ಡ ಕಿಂಡಿ ಎಂದರೆ ಬೆಳಕು, ಆದರೆ ಮಸುಕು. ಛಾಯಾಗ್ರಾಹಕನ ಇಡೀ ಜೀವನ ಈ ಎರಡರ ನಡುವಿನ ಚೌಕಾಸಿಯಲ್ಲೇ ಕಳೆಯುತ್ತದೆ.

ಮೊದಲ ಕ್ಯಾಮೆರಾಗಳ ಮುಂದೆ ಮನುಷ್ಯ ನಿಮಿಷಗಟ್ಟಲೆ ಅಲುಗದೆ ಕೂರಬೇಕಿತ್ತು. ಕತ್ತಿನ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದರು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಭಾವಚಿತ್ರಕ್ಕೆಂದೇ ಒಂದು ಮಸೂರವನ್ನು ಲೆಕ್ಕ ಹಾಕಿ ರೂಪಿಸಿದ. ಅದು ನಿಮಿಷಗಳನ್ನು ಸೆಕೆಂಡುಗಳಿಗೆ ಇಳಿಸಿತು. ಅದಕ್ಕೊಂದು ದೋಷವಿತ್ತು. ನಡುಭಾಗ ಬಲು ಚೂಪು, ಅಂಚಿಗೆ ಹೋದಂತೆ ಮಸುಕು. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ, ಭುಜ, ಹಿನ್ನೆಲೆಯ ಪರದೆ ಮೆಲ್ಲನೆ ಕರಗಿಹೋಗುತ್ತಿದ್ದವು. ಜನ ಅದನ್ನೇ ಮೆಚ್ಚಿದರು! 1866ರಲ್ಲಿ ಲಂಡನ್ನಿನ ಡಾಲ್‌ಮೇಯರ್ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ಗಾಜನ್ನು ತಿರುಗಿಸಿ ಸಡಿಲಿಸಿದರೆ ಬೇಕಾದಷ್ಟೇ ಮಸುಕು ಬರುವಂಥ ಮಸೂರವನ್ನು ಮಾರುಕಟ್ಟೆಗೆ ತಂದ. ಇಂಥ ಮಸೂರದ ಗುಟ್ಟು ಇಷ್ಟೇ: ನಡುವಿನಿಂದ ಹಾದ ಕಿರಣಗಳು ಒಂದು ಚೂಪಾದ ಬಿಂಬ ಮೂಡಿಸುತ್ತವೆ, ಅಂಚಿನಿಂದ ಹಾದವು ಅದೇ ಬಿಂಬದ ಮೇಲೆ ತೆಳುವಾದ ಮಂಜು ಹೊದಿಸುತ್ತವೆ. ಮಲ್ಮಲ್ ದುಪ್ಪಟ್ಟಾದ ಹಿಂದಿನ ಮುಖದಂತೆ ಗೆರೆ ಉಳಿಯುತ್ತದೆ, ಒರಟು ಅಡಗುತ್ತದೆ. ಕಲ್ಕತ್ತೆಯಲ್ಲಿ ಹುಟ್ಟಿ ಸಿಲೋನಿನಲ್ಲಿ ತೀರಿಕೊಂಡ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಆ ಮಂಜನ್ನೇ ಕಲೆಯಾಗಿಸಿದ ಹೆಣ್ಣುಮಗಳು. ಅವಳ ಕಾಲದ ವಿಮರ್ಶಕರು ಅವಳಿಗೆ ಫೋಕಸ್ ಮಾಡಲು ಬರುವುದಿಲ್ಲವೆಂದು ಆಡಿಕೊಂಡರು.

ಆದರೆ ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ಮಸೂರಕ್ಕಿಂತ ದೊಡ್ಡ ತೊಡಕು ಗಾಜಿನ ಪ್ಲೇಟಿನದು. ಆಗಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಅವುಗಳ ಪಾಲಿಗೆ ಕತ್ತಲೆ. ಹಳೆಯ ಪಟಗಳಲ್ಲಿ ಹಣೆಯ ಕುಂಕುಮ, ವೀಳ್ಯ ಮೆದ್ದ ತುಟಿ ಕಪ್ಪಗಿರುವುದು ಇದರಿಂದಲೇ. ನಮ್ಮ ಚರ್ಮದ ಕಂದು ಬಣ್ಣದಲ್ಲಿ ಕೆಂಪು, ಹಳದಿಯ ಪಾಲೇ ಹೆಚ್ಚು. ಹಾಗಾಗಿ ಎಣ್ಣೆಗೆಂಪಿನ ಮುಖ ಕಪ್ಪಾಗಿ ಮೂಡುತ್ತಿತ್ತು. ಕಣ್ಣಿಗೆ ಕಾಣದಷ್ಟು ತಿಳಿಯಾದ ಕೆಂಪು ಗುಳ್ಳೆಯೂ ಪಟದಲ್ಲಿ ಕರಿಚುಕ್ಕೆಯಾಗುತ್ತಿತ್ತು. ಜರ್ಮನಿಯ ವೋಗೆಲ್ 1873ರಲ್ಲಿ ಪ್ಲೇಟಿಗೆ ಬಣ್ಣದ ದ್ರಾವಣ ಸೇರಿಸಿ ಹಸಿರನ್ನೂ ಕಾಣಿಸುವ ದಾರಿ ಹುಡುಕಿದ. ಎಲ್ಲ ಬಣ್ಣ ಗ್ರಹಿಸುವ ಪ್ಲೇಟು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕ್ಯಾಮೆರಾ ನಮ್ಮವರ ಮುಖವನ್ನು ಇದ್ದುದಕ್ಕಿಂತ ಒರಟಾಗಿ, ಇದ್ದುದಕ್ಕಿಂತ ಕಪ್ಪಾಗಿ ತೋರಿಸಿತು. ‘ಕ್ಯಾಮೆರಾ ಸುಳ್ಳು ಹೇಳುವುದಿಲ್ಲ’ ಎನ್ನುವವರು ಇದನ್ನು ನೆನಪಿಡಬೇಕು. ಟಚಿಂಗ್ ಮಾಡುವವನು ಮೊದಲು ಕುರ್ಚಿ ಎಳೆದುಕೊಂಡು ಕೂತದ್ದು ಈ ಸುಳ್ಳನ್ನು ತಿದ್ದಲು.

ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೆಂಗ್ಲ್ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದೇ ಮುಖದ ಎರಡು ಪಟಗಳನ್ನು ಇಟ್ಟಿದ್ದ. ಒಂದು ತಿದ್ದದ್ದು, ಇನ್ನೊಂದು ತಿದ್ದಿದ್ದು. ಜನ ಮುಗಿಬಿದ್ದರು. ಅಲ್ಲಿಂದ ಈ ಕಸುಬು ಲೋಕವೆಲ್ಲ ಹಬ್ಬಿತು. ಬೆಂಗಳೂರು, ಮೈಸೂರಿನ ಸ್ಟುಡಿಯೊಗಳಿಗೂ ಬಂತು.

ಆ ಮೇಜನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅದನ್ನು ಕಂಡವರು ಈಗ ಬೆರಳೆಣಿಕೆಯಷ್ಟು. ಇಳಿಜಾರಾದ ಮರದ ಹಲಗೆ, ನಡುವೆ ಒಂದು ಕಿಂಡಿ, ಕಿಂಡಿಗೆ ಉಜ್ಜುಗಾಜು. ಕೆಳಗೆ ಒಂದು ಕನ್ನಡಿ ಕಿಟಕಿಯ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಕಿಂಡಿಯ ಮೇಲೆ ನೆಗೆಟಿವ್ ಇಟ್ಟು, ತಲೆಯ ಮೇಲೆ ಮುಚ್ಚಿಗೆ ಹೊದಿಸಿದರೆ ಮುಖ ಹೊಳೆಯುತ್ತದೆ. ಎಲ್ಲವೂ ತಿರುಗುಮುರುಗು, ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ. ಪ್ಲೇಟಿನ ಲೇಪದ ಕಡೆಗೆ ಟರ್ಪೆಂಟೈನಿನಲ್ಲಿ ಕರಗಿಸಿದ ಅಂಟನ್ನು ಬಟ್ಟೆಯಿಂದ ತೆಳುವಾಗಿ ತಿಕ್ಕಬೇಕು. ಇಲ್ಲವಾದರೆ ಪೆನ್ಸಿಲ್ ಜಾರುತ್ತದೆ. ಪೆನ್ಸಿಲ್ಲಿನ ಕಡ್ಡಿಯನ್ನು ಒಂದಂಗುಲದಷ್ಟು ಹೊರತೆಗೆದು ಉಜ್ಜುಕಾಗದದ ಮೇಲೆ ತೇಯ್ದು ಸೂಜಿಯಷ್ಟು ಮೊನೆ ಮಾಡಬೇಕು.

ಸುಕ್ಕು ಎಂದರೆ ಮುಖದ ಮೇಲಿನ ಒಂದು ನೆರಳು. ನೆರಳು ಪಟದಲ್ಲಿ ಕಪ್ಪು, ನೆಗೆಟಿವ್‌ನಲ್ಲಿ ತಿಳಿ. ಆ ತಿಳಿಗೆರೆಯನ್ನು ಪೆನ್ಸಿಲ್ಲಿನಿಂದ ತುಂಬಿದರೆ ಅಲ್ಲಿ ಬೆಳಕು ತಡೆದು, ಪಟದಲ್ಲಿ ಸುಕ್ಕು ಮಾಯವಾಗುತ್ತದೆ. ಆದರೆ ಗೆರೆಯ ಮೇಲೆ ಗೆರೆ ಎಳೆದು ತುಂಬುವಂತಿಲ್ಲ. ಅಲ್ಪವಿರಾಮದಂಥ, ಎಂಟರ ಆಕಾರದಂಥ ಪುಟ್ಟ ಪುಟ್ಟ ಗೀಚು. ಅವು ಒಂದಕ್ಕೊಂದು ಹೆಣೆದುಕೊಂಡು ಚರ್ಮದ ನವಿರಿನಂತೆ ಕಾಣಬೇಕು. ಸಿಡುಬಿನ ಕುಳಿ ಬಂದರೆ ಕೆಲಸ ಎರಡಾಗುತ್ತದೆ. ಕುಳಿಗೆ ಒಂದು ಬದಿ ನೆರಳು, ಇನ್ನೊಂದು ಬದಿ ಹೊಳಪು. ನೆರಳಿಗೆ ಪೆನ್ಸಿಲ್, ಹೊಳಪಿಗೆ ಚೂರಿ. ಲೇಪವನ್ನು ಕೂದಲೆಳೆಯಷ್ಟು ಹೆರೆಯಬೇಕು. ಕೈ ತುಸು ಜಾರಿದರೆ ಗಾಜು ಬರಿದಾಗಿ ಕೆನ್ನೆಯಲ್ಲಿ ಕಪ್ಪು ಗೀರು. ಕಣ್ಣು, ರೆಪ್ಪೆ, ಮೂಗಿನ ಹೊಳ್ಳೆ, ತುಟಿಯ ಅಂಚು, ಕೂದಲು ಇವುಗಳನ್ನು ಮುಟ್ಟಬಾರದು ಎಂಬುದು ನಿಯಮ. ಹೆಚ್ಚೆಂದರೆ ಕಣ್ಣಿನ ಬೆಳಕಿನ ಚುಕ್ಕಿಗೆ ಒಂದು ಪೆನ್ಸಿಲ್ ಮೊನೆ. ನುಣುಪೂ ಚೂಪೂ ಒಟ್ಟಿಗೆ ಬಂದದ್ದು ಹೀಗೆ. ಎಲ್ಲಿ ತಿದ್ದಬೇಕು ಎಂಬುದಕ್ಕಿಂತ ಎಲ್ಲಿ ತಿದ್ದಬಾರದು ಎಂಬ ತಿಳಿವಳಿಕೆಯಿಂದ.

ಪ್ಲೇಟಿನ ಗಾತ್ರವೂ ನೆರವಿಗಿತ್ತು. ಹಾಫ್ ಪ್ಲೇಟು ಎಂದರೆ ಆರೂವರೆ ಅಂಗುಲ ಉದ್ದ, ನಾಲ್ಕೂಮುಕ್ಕಾಲು ಅಂಗುಲ ಅಗಲ. ಮುಖವೇ ಹೆಬ್ಬೆರಳಿಗಿಂತ ದೊಡ್ಡದಿರುತ್ತಿತ್ತು. ಅದನ್ನು ಹಿಗ್ಗಿಸದೆ ಕಾಗದಕ್ಕೆ ತಾಗಿಸಿಯೇ ಮುದ್ರಿಸುತ್ತಿದ್ದುದರಿಂದ ವಿವರ ಕೆಡುತ್ತಿರಲಿಲ್ಲ. ಬೆಳಕಂತೂ ಆಕಾಶದ್ದೇ. ಮೈಸೂರಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1908ರಲ್ಲಿ. ಅದಕ್ಕೂ ಮೊದಲು, ಅದರ ನಂತರವೂ ಬಹುಕಾಲ, ಬಿಸಿಲು ನೇರ ಬೀಳದ ಉತ್ತರ ದಿಕ್ಕಿನ ಗಾಜಿನ ಮಾಡೇ ಸ್ಟುಡಿಯೊದ ದೀಪ. ಮುಖದಲ್ಲಿ ಕುಳಿಗಳಿದ್ದವರನ್ನು ಕಿಟಕಿಗೆ ಎದುರಾಗಿ ಕೂರಿಸಬೇಕು. ಪಕ್ಕದ ಬೆಳಕಿಗೆ ಕೂರಿಸಿದರೆ ಒಂದೊಂದು ಕುಳಿಯೂ ಬಾವಿಯಾಗುತ್ತದೆ.

ಮೈಸೂರಿನಲ್ಲಿ ಫೋಟೋ ಮತ್ತು ಕುಂಚ ಕೈಹಿಡಿದು ನಡೆದುದಕ್ಕೆ ದೊಡ್ಡ ಸಾಕ್ಷಿ ಅರಮನೆಯ ಕಲ್ಯಾಣ ಮಂಟಪದಲ್ಲಿದೆ. 1930ರ ದಸರಾ ಜಂಬೂಸವಾರಿಯ 26 ಚಿತ್ರಫಲಕಗಳು ಅಲ್ಲಿವೆ. ನಾಲ್ವಡಿಯವರು ಅರಸರಾಗಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದ ಮೆರವಣಿಗೆ. ಆಸ್ಥಾನದ ಚಿತ್ರಕಾರರು ಅವನ್ನು 1934ರಿಂದ 1945ರವರೆಗೆ, ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಬರೆದರು. ಆನೆ ಕುದುರೆ ಒಂಟೆಗಳಿರಲಿ, ನಡೆಯುವ ಚೋಪದಾರನ ಮುಖವೂ ಒಬ್ಬ ನಿಜವಾದ ಮನುಷ್ಯನ ಮುಖ. ಪ್ರವಾಸಿಗರು ಹೌದಾ ನೋಡಿಕೊಂಡು ಸರಸರನೆ ಸಾಗಿಬಿಡುತ್ತಾರೆ. ಮುಂದಿನ ಸಲ ಹೋದಾಗ ಸಾಲಿನ ಕೊನೆಯವರ ಕೆನ್ನೆ ನೋಡಿ. ಅರಸು ಮನೆತನದವರಿಗೆ ಸಿಕ್ಕಷ್ಟು ನುಣುಪು ಅವರಿಗೆ ಸಿಕ್ಕಿದೆಯೇ ಎಂದು ನೀವೇ ತೀರ್ಮಾನಿಸಿ. ನಮ್ಮ ಕಣ್ಣಿಗೆ ಸಿಪಾಯಿಗಳ ಮುಖವೇ ಹೆಚ್ಚು ಜೀವಂತವಾಗಿ ಕಂಡಿದೆ.

ಪಟ ತೆಗೆಸುವ ವಿಷಯದಲ್ಲಿ ಮುಸ್ಲಿಮರಲ್ಲಿ ನಡೆದ ಚರ್ಚೆಯನ್ನು ಇಲ್ಲಿ ಮರೆಯುವಂತಿಲ್ಲ. ಜೀವಿಗಳ ಚಿತ್ರ ಬರೆಯುವುದು ಸಲ್ಲದು ಎನ್ನುವ ವಿದ್ವಾಂಸರಲ್ಲಿ ಹಲವರು ಫೋಟೋವನ್ನೂ ಅದರೊಳಗೇ ಸೇರಿಸಿದರು. ಹಜ್‌ಗೆ, ಪಾಸ್‌ಪೋರ್ಟಿಗೆ ಅನಿವಾರ್ಯವಾದರೆ ಮಾತ್ರ ಎಂದರು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಈಜಿಪ್ಟಿನ ಮುಫ್ತಿ ಮುಹಮ್ಮದ್ ಬಖೀತ್ ಅಲ್-ಮುತೀಈ ಬೇರೆ ಮಾತು ಹೇಳಿದರು. ಫೋಟೋ ಎಂದರೆ ಹೊಸದೊಂದನ್ನು ಸೃಷ್ಟಿಸುವುದಲ್ಲ, ಕನ್ನಡಿಯಲ್ಲಿ ಬೀಳುವಂಥ ನೆರಳನ್ನೇ ಹಿಡಿದಿಡುವುದು ಎಂಬುದು ಅವರ ವಾದ. ಭಾರತದಲ್ಲಿ ಮೌಲಾನಾ ಆಝಾದರು 1912ರಲ್ಲಿ ಆರಂಭಿಸಿದ ‘ಅಲ್-ಹಿಲಾಲ್’ ಪತ್ರಿಕೆಯಲ್ಲಿ ಫೋಟೋಗಳು ಅಚ್ಚಾದವು. ಉರ್ದುವಿನಲ್ಲಿ ಫೋಟೋವನ್ನು ‘ಅಕ್ಸ್’ ಎನ್ನುವುದುಂಟು, ಪ್ರತಿಬಿಂಬ ಎಂದರ್ಥ. ಕನ್ನಡದ ‘ಛಾಯಾಚಿತ್ರ’ವೂ ನೆರಳಿನ ಚಿತ್ರವೇ. ಆದರೆ ನೆರಳಿಗೆ ಪೆನ್ಸಿಲ್ ತಾಗಿದ ಮೇಲೆ ಅದು ಕನ್ನಡಿಯೋ, ಕೈಬರಹವೋ? ಫೋಟೋವನ್ನು ಒಪ್ಪಿದವರ ವಾದಕ್ಕೂ ಒಪ್ಪದವರ ವಾದಕ್ಕೂ ಈ ಪ್ರಶ್ನೆ ಅಡ್ಡ ನಿಲ್ಲುತ್ತದೆ.

ಸುಳ್ಳನ್ನು ತಿದ್ದಲು ಬಂದ ಪೆನ್ಸಿಲ್ ಅಲ್ಲಿಗೇ ನಿಲ್ಲಲಿಲ್ಲ. ಪ್ಲೇಟಿಗೆ ಎಲ್ಲ ಬಣ್ಣ ಕಾಣತೊಡಗಿದ ಮೇಲೂ ಮುಖವನ್ನು ಬೆಳ್ಳಗೆ ಮಾಡುವ ಅಭ್ಯಾಸ ಉಳಿಯಿತು. ಹುಡುಗಿಯ ಫೋಟೋ ವರನ ಮನೆಗೆ ಹೋಗಬೇಕಾದಾಗ ‘ಸ್ವಲ್ಪ ಬಣ್ಣ ತನ್ನಿ’ ಎಂದು ಹಿರಿಯರೇ ಸ್ಟುಡಿಯೊದವರಿಗೆ ಹೇಳುತ್ತಿದ್ದರು. ಜಾತಿ ಮತದ ಭೇದ ಇದಕ್ಕಿರಲಿಲ್ಲ. ಫೋಟೋ ನೋಡಿ ಒಪ್ಪಿ, ಮುಖ ನೋಡಿ ಗೊಣಗಿದ ಸಂಬಂಧಗಳ ಕಥೆ ಯಾವ ಮೊಹಲ್ಲಾದಲ್ಲಿ ಇಲ್ಲ? ಅಲ್ಲಿ ಕಣ್ಣೀರು ಹಾಕಿದವಳು ಮೇಜಿನ ಮುಂದೆ ಕೂತ ಕುಶಲಿಯಲ್ಲ, ಪಟದೊಳಗಿನ ಹುಡುಗಿ.

ಇದಕ್ಕೆ ಎದುರಾಗಿ ಮೈಸೂರು ಇನ್ನೊಂದು ಬಗೆಯ ಭಾವಚಿತ್ರವನ್ನೂ ಲೋಕಕ್ಕೆ ಕೊಟ್ಟಿತು. 1923ರಲ್ಲಿ ಈ ಊರಲ್ಲೇ ಹುಟ್ಟಿ 2009ರಲ್ಲಿ ಇಲ್ಲೇ ಕಣ್ಮುಚ್ಚಿದ ಟಿ. ಎಸ್. ಸತ್ಯನ್ ಅವರು ಸ್ಟುಡಿಯೊದ ಪರದೆಯನ್ನು ಬಿಟ್ಟು ಬೀದಿಗೆ ಬಂದವರು. 1977ರಲ್ಲಿ ಪದ್ಮಶ್ರೀ ಪಡೆದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಅವರ ಮುದುಕರಿಗೆ ಸುಕ್ಕುಗಳಿವೆ, ಮಕ್ಕಳ ಮೂಗಿನ ಕೆಳಗೆ ಸಿಂಬಳವಿದೆ. ಆದರೂ ಆ ಚಿತ್ರಗಳು ಒರಟೆನಿಸುವುದಿಲ್ಲ. ನೆರಳಿನ ಮೃದು ಬೆಳಕನ್ನು ಆರಿಸಿಕೊಂಡು, ಕಣ್ಣನ್ನು ಚೂಪಾಗಿ ಹಿಡಿದರೆ ಚರ್ಮ ತನ್ನಷ್ಟಕ್ಕೆ ತಾನು ಸೌಮ್ಯವಾಗುತ್ತದೆ. ಇದು ಪೆನ್ಸಿಲ್ ಬೇಡದ ದಾರಿ. ಆದರೆ ಬೆಳಕಿಗಾಗಿ ಕಾಯುವ ತಾಳ್ಮೆ ಬೇಕು.

ಪೆನ್ಸಿಲ್ಲಿನ ಕಾಲ ಮುಗಿಸಿದ್ದು ಸಣ್ಣ ಫಿಲ್ಮು. 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದದ ಚೌಕದಲ್ಲಿ ಮುಖ ಹೆಸರುಕಾಳಿನಷ್ಟಾದರೆ ಗೀಚುವುದೆಲ್ಲಿ? ಮಸೂರದ ಮುಂದೆ ತೆಳುಬಲೆ ಕಟ್ಟುವುದು, ಗಾಜಿಗೆ ವ್ಯಾಸಲಿನ್ ಸವರಿ ನಡುಭಾಗ ಮಾತ್ರ ಒರೆಸಿಡುವುದು, ಇಂಥ ಉಪಾಯಗಳು ಬಂದವು. ಬಲೆಯನ್ನು ಕ್ಯಾಮೆರಾಕ್ಕೆ ಕಟ್ಟಿದರೆ ಬೆಳಕು ನೆರಳಿನೊಳಗೆ ಹರಿದು ಮುಖ ಹೊಳೆಯುತ್ತದೆ. ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರಿಗೆ ಕಟ್ಟಿದರೆ ನೆರಳು ಬೆಳಕಿನೊಳಗೆ ಹರಿದು ಮುಖ ಮಂಕಾಗುತ್ತದೆ. 1990ರಲ್ಲಿ ಫೋಟೋಶಾಪ್ ಬಂತು. 2002ರಲ್ಲಿ ಅದರ ಏಳನೆಯ ಆವೃತ್ತಿ ಕಲೆಗಳನ್ನು ಸುತ್ತಲಿನ ಚರ್ಮದಿಂದಲೇ ಮುಚ್ಚುವ ಕುಂಚವನ್ನು ತಂದಿತು. ಒಳ್ಳೆಯ ಕೆಲಸಗಾರರು ಈಗ ಚಿತ್ರವನ್ನು ಎರಡು ಪದರಗಳಾಗಿ ಬಿಡಿಸುತ್ತಾರೆ. ಒಂದರಲ್ಲಿ ಬಣ್ಣದ ಏರಿಳಿತ, ಇನ್ನೊಂದರಲ್ಲಿ ರಂಧ್ರ, ಕೂದಲಿನಂಥ ಸೂಕ್ಷ್ಮ ಗೆರೆ. ಮೊದಲನೆಯದನ್ನು ಮಾತ್ರ ನಯಗೊಳಿಸುತ್ತಾರೆ. ಅಳಿಲಿನ ಕುಂಚ ಮತ್ತು ಹುಲ್ಲಿನ ಎಸಳಿನ ಲೆಕ್ಕಾಚಾರವೇ ಇದು. ಮೊಬೈಲ್‌ನ ಅಗ್ಗದ ಫಿಲ್ಟರಿಗೆ ಆ ವ್ಯವಧಾನವಿಲ್ಲ. ಅದು ಅಜ್ಜಿಯನ್ನೂ ಮೊಮ್ಮಗಳನ್ನೂ ಒಂದೇ ಮೇಣದಲ್ಲಿ ಎರಕ ಹೊಯ್ಯುತ್ತದೆ.

ಸಿಡುಬು ಭಾರತದಿಂದ ತೊಲಗಿದ್ದು 1975ರಲ್ಲಿ. ಅದರ ಕುಳಿ ಹೊತ್ತ ಮುಖಗಳು ಇಂದು ವಯಸ್ಸಾದವರಲ್ಲಷ್ಟೇ ಉಳಿದಿವೆ, ಹಳೆಯ ಸ್ಟುಡಿಯೊ ಪಟಗಳಲ್ಲಂತೂ ಅವು ಕಾಣಸಿಗುವುದೇ ಅಪರೂಪ. ರೋಗಕ್ಕಿಂತ ಮೊದಲೇ ಪೆನ್ಸಿಲ್ ಅದನ್ನು ನಿರ್ಮೂಲ ಮಾಡಿತ್ತು. ಆ ಪಟಗಳ ಗಾಜಿನ ನೆಗೆಟಿವ್‌ಗಳೂ ಬಹುಪಾಲು ಉಳಿದಿಲ್ಲ. ಸ್ಟುಡಿಯೊ ಮುಚ್ಚಿದಾಗ ಎಷ್ಟೋ ಕಡೆ ಲೇಪವನ್ನು ತೊಳೆದು, ಬರಿಗಾಜನ್ನು ಚೌಕಟ್ಟು ಹಾಕಲು ಬಳಸಿಕೊಂಡರು. ಯಾರದೋ ಅಜ್ಜಿಯ ಮುಖ ತೊಳೆದ ಗಾಜು ಇನ್ಯಾರದೋ ಅಜ್ಜಿಯ ಪಟದ ಮುಂದೆ ಇರಬಹುದು.

ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿಡಿ. ಒಂದನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬಳಿ ಓರೆಯಾಗಿ ತಿರುಗಿಸಿ. ಲೇಪದ ಕಡೆ, ಕೆನ್ನೆ ಇರುವಲ್ಲಿ, ಪೆನ್ಸಿಲ್ಲಿನ ಗೀಚುಗಳು ಸೀಸದ ಹೊಳಪಿನಲ್ಲಿ ಮಿನುಗುತ್ತವೆ. ಅವುಗಳ ಕೆಳಗೆ ಅಜ್ಜಿಯ ನಿಜವಾದ ಮುಖ ಇನ್ನೂ ಹಾಗೆಯೇ ಇರುತ್ತದೆ. ಒರೆಸಲು ಮಾತ್ರ ಹೋಗಬೇಡಿ, ಆ ಗೀಚೂ ಯಾರದೋ ಒಂದು ಮಧ್ಯಾಹ್ನದ ದುಡಿಮೆ.